ಕಂಬದ ಮೇಲಿನ ನಂಬರು

ಅಕ್ಟೋಬರಿನ ಆ ಭಾನುವಾರ ನಾವಿನ್ನೂ ಕಾಫಿ ಕುಡಿಯುತ್ತಿರುವಾಗಲೇ ಅಪ್ಪಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನ ಪಕ್ಕ ನಿಂತಿದ್ದರು. "ಕಲೋನಿಯಲ್ ಫಾರ್ಮ್‌ಹೌಸ್, ಹನ್ನೊಂದು ಎಕರೆ ಎಸ್ಟೇಟ್, ಮಾರಾಟಕ್ಕಿದೆ, ಸುಮ್ನೆ ನೋಡ್ಕೊಂಡು ಬರೋಣ" ಅಂತ ನನ್ನ ಗಂಡ ಹಿಂದಿನ ರಾತ್ರಿ ಹೇಳಿದ್ದರ ಪರಿಣಾಮ. ತೀರ್ಥಹಳ್ಳಿ ಕಡೆಯವರಿಗೆ ಎಸ್ಟೇಟ್ ಅಂದರೆ ಕಾಫಿ ತೋಟ, ಕಲೋನಿಯಲ್ ಅಂದರೆ ದೊರೆಗಳ ಬಂಗಲೆ. ಉದ್ದನೆ ವೆರಾಂಡ, ಬೆತ್ತದ ಕುರ್ಚಿ, ಗೋಡೆಯ ಮೇಲೊಂದು ಕಾಟಿಯ ತಲೆ. ದೊರೆ ಮನೆಗೆ ಹೋಗುವಾಗ ಅಂಗಿ ನೆಟ್ಟಗಿರಬೇಕಲ್ಲ.

ಮ್ಯಾಸಚೂಸೆಟ್ಸ್‌ನಲ್ಲಿ ಆ ಮಾತಿಗೆ ಬೇರೆಯೇ ಅರ್ಥ. 1776ಕ್ಕೆ ಮುಂಚೆ, ಇದಿನ್ನೂ ಇಂಗ್ಲೆಂಡಿನ ವಸಾಹತಾಗಿದ್ದಾಗ ಕಟ್ಟಿದ್ದಾದರೆ ರೈತನ ಮನೆಯೂ ಕಲೋನಿಯಲ್ಲೇ. ನಾವು ನೋಡಿದ್ದು 1768ರದ್ದು. ಎರಡಂತಸ್ತು, ಬಿಳಿ ಹಲಗೆಯ ಹೊರಗೋಡೆ, ಮಾಡಿನ ನಟ್ಟನಡುವೆ ಒಂದೇ ದಪ್ಪ ಚಿಮಣಿ. ಸುತ್ತ ಕಾಡುಕಲ್ಲಿನ ಗೋಡೆ. ಇಲ್ಲಿ ಪ್ರತಿ ಚಳಿಗಾಲ ನೆಲ ಹೆಪ್ಪುಗಟ್ಟಿ ಉಬ್ಬಿದಾಗ ಹೊಲದೊಳಗಿನ ಕಲ್ಲು ಮೇಲಕ್ಕೆ ಬರುತ್ತದೆ. ಅದನ್ನು ಹೆಕ್ಕಿ ಹೆಕ್ಕಿ ಹೊಲದ ಅಂಚಿಗೆ ಪೇರಿಸಿದ್ದೇ ಈ ಗೋಡೆ. ಅಪ್ಪಯ್ಯನಿಗೆ ಇದು ತಮಾಷೆಯಾಗಿ ಕಂಡಿತು: "ಕಲ್ಲು ಬೆಳೆಯೋ ಗದ್ದೆ ಅನ್ನು."

ಕೊಳ್ಳುವ ಶಕ್ತಿ ನಮಗಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಇಲ್ಲಿ ಓಪನ್ ಹೌಸ್ ಇಟ್ಟ ದಿನ ಯಾರು ಬೇಕಾದರೂ ಒಳಹೊಕ್ಕು ನೋಡಬಹುದು. ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ ಎದ್ದು ಬರುವವರಿಗೆ ಇದೇನು ಕಷ್ಟವಲ್ಲ.

ಬಾಗಿಲಲ್ಲಿ ಏಜೆಂಟ್ ಹೆಂಗಸು ಬೂಟಿನ ಮೇಲೆ ತೊಡಿಸುವ ನೀಲಿ ಕವರು ಹಿಡಿದು ನಿಂತಿದ್ದಳು. ಅಪ್ಪಯ್ಯ ಆಗಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿಯಾಗಿತ್ತು. ಅಡುಗೆಮನೆಯ ಒಲೆ ಎಷ್ಟು ದೊಡ್ಡದೆಂದರೆ ನನ್ನ ಮಗ ಅದರೊಳಗೆ ನೆಟ್ಟಗೆ ನಿಂತ. ಪಾತ್ರೆ ತೂಗುಹಾಕಲು ಕಬ್ಬಿಣದ ತಿರುಗುತೋಳು, ಪಕ್ಕದಲ್ಲಿ ಬ್ರೆಡ್ ಸುಡುವ ಇಟ್ಟಿಗೆ ಗೂಡು. ಒಲೆಯ ಶಾಖ ತಾಗುವಂತೆ ಒತ್ತಿಗೇ ಒಂದು ಪುಟ್ಟ ಕೋಣೆ. ಹೆರಿಗೆಗೆ, ಕಾಯಿಲೆಯವರಿಗೆ ಅಂತ ಏಜೆಂಟ್ ಹೇಳುತ್ತಿದ್ದಂತೆ ನಾನು ಅನುವಾದಿಸುವ ಮೊದಲೇ ಅಪ್ಪಯ್ಯ "ಬಾಣಂತಿ ಕೋಣೆ" ಅಂದುಬಿಟ್ಟರು.

ಆಮೇಲೆ ಅವರು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು. ಜೇನಿನ ಬಣ್ಣಕ್ಕೆ ತಿರುಗಿದ ಪೈನ್ ಹಲಗೆಗಳು. ಒಂದು ಹಲಗೆಯ ಅಡ್ಡಕ್ಕೆ ಕೈಯಿಟ್ಟು ಗೇಣು ಹಾಕಿದರು. ಒಂದು, ಎರಡು, ಮತ್ತೆ ಅರ್ಧ. "ಎರಡೂವರೆ ಗೇಣು! ಒಂದೇ ಹಲಗೆ!" ಏಜೆಂಟ್ ನಕ್ಕು, ಇದಕ್ಕಿಂತ ಅಗಲದ್ದನ್ನು ನೆಲಕ್ಕೆ ಹಾಸಿದರೆ ರಾಜನಿಗೆ ಸಿಟ್ಟು ಬರುತ್ತಿತ್ತು ಅಂದಳು. ಮಾತು ಪೂರಾ ಸುಳ್ಳಲ್ಲ. 1691ರ ಸನ್ನದಿನ ಪ್ರಕಾರ, ಖಾಸಗಿಯವರಿಗೆ ಮಂಜೂರಾಗದ ಜಮೀನಿನಲ್ಲಿ ಬುಡದ ಅಡ್ಡಳತೆ 24 ಇಂಚೋ ಅದಕ್ಕಿಂತ ಹೆಚ್ಚೋ ಇದ್ದ ಮರವೆಲ್ಲ ಇಂಗ್ಲೆಂಡಿನ ನೌಕಾಪಡೆಗೆ, ಹಡಗಿನ ಪಟದ ಕಂಬಕ್ಕೆ ಮೀಸಲು. ಕಡಿದರೆ ನೂರು ಪೌಂಡ್ ದಂಡ. ಅಂಥ ಮರಕ್ಕೆ ಕೊಡಲಿಯ ಮೂರು ಕಚ್ಚು ಹಾಕಿ ಬಾಣದ ಗುರುತು ಮಾಡಿ ಹೋಗುತ್ತಿದ್ದರು. 1772ರಲ್ಲಿ ಪಕ್ಕದ ನ್ಯೂಹ್ಯಾಂಪ್‌ಶೈರ್‌ನಲ್ಲಿ ಈ ಮರದ ವಿಷಯಕ್ಕೇ ದಂಗೆಯಾಗಿತ್ತು. ಹಿತ್ತಲಿನ ಗಂಧದ ಮರ ಸರ್ಕಾರದ್ದು ಅಂತ ಹೇಳಿಸಿಕೊಂಡು ಬೆಳೆದ ಅಪ್ಪಯ್ಯನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಅಷ್ಟರಲ್ಲಿ ನನ್ನ ಗಂಡನ ಕೈಗೆ ಕಾಗದದ ಕಂತೆ ಬಂದಿತ್ತು. 1978ಕ್ಕೆ ಹಿಂದಿನ ಮನೆಯಾದ್ದರಿಂದ ಬಣ್ಣದಲ್ಲಿ ಸೀಸ ಇರಬಹುದೆಂಬ ಎಚ್ಚರಿಕೆ. ಮಲಗುಂಡಿಯ ತಪಾಸಣೆ ವರದಿ. ನೆಲಮಾಳಿಗೆಯಲ್ಲಿ ಬುನಾದಿಯ ಮೇಲಿನ ಒಂದು ತೊಲೆಯನ್ನು ಕೊರೆಹುಳ ತಿಂದಿದೆ ಎಂದು ಫೋಟೋ ಸಮೇತ. ಕೊನೆಯ ಹಾಳೆಯಲ್ಲಿ ಒಂದು ಕರಾರು: ಚಿಮಣಿ, ಒಲೆ, ನೆಲದ ಹಲಗೆ, ಮರದ ಚೌಕಟ್ಟು, ಇವನ್ನು ಅನುಮತಿಯಿಲ್ಲದೆ ಕೀಳುವಂತಿಲ್ಲ. ಹಿಂದಿನ ಮಾಲೀಕರೊಬ್ಬರು ಬರೆದುಕೊಟ್ಟದ್ದು, ಇನ್ನು ಮುಂದೆ ಕೊಳ್ಳುವವರಿಗೆಲ್ಲ ಅನ್ವಯ.

"ದುಡ್ಡು ಕೊಟ್ಟವನು ಇಲ್ಲಿ ಕಾವಲುಗಾರ" ಅಂದರು ಅಪ್ಪಯ್ಯ. ಸ್ವಲ್ಪ ಹೊತ್ತು ಬಿಟ್ಟು, "ಹುಳ ತಿಂದದ್ದನ್ನೂ ಮಾರುವವರೇ ಹೇಳ್ತಾರನಾ?"

ಅಟ್ಟಕ್ಕೆ ಹೋಗುವ ಮೆಟ್ಟಿಲು ಕಡಿದಾಗಿತ್ತು. ಬೇಡ ಎಂದರೂ ಹತ್ತಿದರು. ಮೇಲೆ ಸುಣ್ಣವಿಲ್ಲ, ಬಣ್ಣವಿಲ್ಲ, ಮನೆಯ ಎಲುಬು ಹಾಗೆಯೇ ಕಾಣುತ್ತದೆ. ತೊಲೆಯ ಮೇಲೆ ಬಾಚಿಯ ಏಟುಗಳು ಅಲೆಅಲೆಯಾಗಿ ಉಳಿದಿದ್ದವು. ಸಂದುಗಳಲ್ಲಿ ಕಬ್ಬಿಣದ ಮೊಳೆಯಿಲ್ಲ, ಮರದ ಗೂಟ. ಅಪ್ಪಯ್ಯ ಒಂದು ಗೂಟದ ತಲೆ ಸವರಿದರು, ಬೆರಳ ಗಿಣ್ಣಿನಿಂದ ತೊಲೆ ಕುಟ್ಟಿ ಕಿವಿಗೊಟ್ಟರು. ನಮ್ಮೂರ ಆಚಾರ್ರು ಹಲಸಿನ ತೊಲೆಗೆ ಕಿವಿಗೊಡುತ್ತಿದ್ದದ್ದು ಹೀಗೇ. ಹಾಗೆ ಸವರುತ್ತ ಹೋದ ಕೈ ಒಂದು ಮೂಲೆಯಲ್ಲಿ ನಿಂತಿತು. ಸಂದಿನ ಎರಡೂ ಮರಕ್ಕೆ ಉಳಿಯಿಂದ ಕೆತ್ತಿದ ಗೆರೆಗಳು. ನಾಲ್ಕು ಗೀಟು ಇಲ್ಲಿ, ನಾಲ್ಕು ಗೀಟು ಅಲ್ಲಿ. ಮುಂದಿನದರಲ್ಲಿ ರೋಮನ್ ಐದು.

"ಇದನ್ನೂ ಎಲ್ಲಿಂದಲೋ ಬಿಚ್ಚಿ ತಂದದ್ದಾ?"

ಅವರ ದನಿ ಕೇಳಿ ನಾನು ತಿರುಗಿದೆ. ಹನ್ನೆರಡು ವರ್ಷದ ಹಿಂದೆ ನಮ್ಮ ತೊಟ್ಟಿ ಮನೆ ಮಾರಿದ್ದು ಹೀಗೆ, ಬಿಚ್ಚಿ. ಪಾಲಾದ ಮೇಲೆ ಮನೆ ನೋಡಿಕೊಳ್ಳುವವರಿರಲಿಲ್ಲ, ಹೆಂಚು ಸೋರುತ್ತಿತ್ತು. ಹಳೇ ಮರಮಟ್ಟು ಕೊಳ್ಳುವವನೊಬ್ಬ ಬಂದ. ರೆಸಾರ್ಟಿಗೆ ಬೇಕು, ಇದ್ದ ಹಾಗೇ ಜೋಡಿಸ್ತಾರೆ ಅಂದ. ಅವನ ಆಳುಗಳು ಬಿಳಿ ಪೇಂಟಿನಲ್ಲಿ ಪ್ರತಿ ಕಂಬಕ್ಕೂ ತೊಲೆಗೂ ನಂಬರು ಬರೆದು, ಎರಡು ದಿನದಲ್ಲಿ ಲಾರಿಗೆ ಹೇರಿಕೊಂಡು ಹೋದರು. ಅದು ಯಾವ ರೆಸಾರ್ಟೋ, ನಾವು ಕೇಳಲಿಲ್ಲ.

ಏಜೆಂಟ್‌ಗೆ ಈ ಗೆರೆಗಳ ವಿಷಯ ಚೆನ್ನಾಗಿ ಗೊತ್ತಿತ್ತು. ಆ ಕಾಲದಲ್ಲಿ ಎರಡು ಸಂದು ಒಂದೇ ಅಳತೆಗೆ ಇರುತ್ತಿರಲಿಲ್ಲ. ಒಂದೊಂದು ಮರವನ್ನೂ ಅದರ ಜೋಡಿಗೆ ಮಾತ್ರ ಕೂರುವಂತೆ ನೆಲದ ಮೇಲಿಟ್ಟು ಕೆತ್ತಿ, ಯಾವುದು ಯಾವುದಕ್ಕೆ ಅಂತ ಗುರುತು ಹಾಕಿ, ಆಮೇಲೆ ಊರವರನ್ನೆಲ್ಲ ಸೇರಿಸಿ ಚೌಕಟ್ಟು ಎಬ್ಬಿಸುತ್ತಿದ್ದರು. ಉಳಿಗೆ ನೆಟ್ಟಗಿನ ಗೀಟು ಸಲೀಸು, ಅದಕ್ಕೇ ರೋಮನ್ ಅಂಕೆ.

"ಬಿಚ್ಚಲಿಕ್ಕೆ ಹಾಕಿದ್ದಲ್ಲ ಅಪ್ಪಯ್ಯ, ಕಟ್ಟಲಿಕ್ಕೆ ಹಾಕಿದ್ದು" ಅಂದೆ.

ಅವರು ಮತ್ತೆ ನಾಲ್ಕು ಗೀಟಿನ ಮೇಲೆ ಬೆರಳಾಡಿಸಿದರು. ಎರಡೂ ಮರ ಕೂಡಿದ ಕಡೆ ಉಗುರು ತೂರಿಸಲು ನೋಡಿದರು. ತೂರಲಿಲ್ಲ.

ವಾಪಸು ಬರುವಾಗ ಮುಂದಿನ ಸೀಟಿನಲ್ಲಿ ನನ್ನ ಗಂಡ ಆ ಮನೆ ಬೆಚ್ಚಗಿಡಲು ಚಳಿಗಾಲಕ್ಕೆ ಎಷ್ಟು ಎಣ್ಣೆ ಸುಡಬೇಕು ಅಂತ ಲೆಕ್ಕ ಹಾಕುತ್ತಿದ್ದರು. ಮಗ ನಿದ್ದೆ ಹೋಗಿದ್ದ. ಅರ್ಧ ದಾರಿಯವರೆಗೂ ಮಾತಾಡದ ಅಪ್ಪಯ್ಯ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು:

"ನಮ್ಮ ಜಗಲಿ ಕಂಬಕ್ಕೆ ಅವರು ಹಾಕಿದ ನಂಬರು ಏಳರಿಂದ ಹತ್ತು. ಒಂಬತ್ತನೇದರ ಬುಡ ಒಳಗಿನಿಂದ ಗೆದ್ದಲು ತಿಂದು ಟೊಳ್ಳಾಗಿತ್ತು ಮಾರಾಯ್ತಿ. ನಾನು ಅವನಿಗೆ ಹೇಳಲೇ ಇಲ್ಲ."