ಕಾಲು ಊದದಂತೆ ಕೋಲಾರದವರೆಗೆ

ತುಮಕೂರಿನಿಂದ ಕೋಲಾರಕ್ಕೆ ಬೆಂಗಳೂರಿನ ಮೇಲೆ ಹೋಗುವ ಬದಲು ಮಧುಗಿರಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿಗಳ ದಾರಿಯನ್ನು ನಾವು ಹಿಡಿದದ್ದು, ಆ ದಾರಿಯಲ್ಲಿ ಇಳಿದು ನಡೆಯಲು ನೆವಗಳು ಹೆಚ್ಚು ಎಂಬ ಕಾರಣಕ್ಕೆ. ಬಾಡಿಗೆಯ ಟೆಂಪೊ ಟ್ರಾವೆಲರ್‌ನಲ್ಲಿದ್ದ ಬಂಧುಗಳಲ್ಲಿ ಹೆಚ್ಚಿನವರು ಅರವತ್ತು ದಾಟಿದವರು; ಯಾವ ಯಾತ್ರೆಗೆ ಹೋದರೂ ಸಂಜೆಯ ಹೊತ್ತಿಗೆ ಕಣಕಾಲು ಊದಿ ಚಪ್ಪಲಿ ಹಿಡಿಸುವುದಿಲ್ಲವೆಂಬುದು ಅವರ ದೂರು. ಬಿಸಿಲಿಗೆ ರಕ್ತನಾಳಗಳು ಹಿಗ್ಗಿ ಊತ ಹೆಚ್ಚುವುದರಿಂದ ಬೇಸಿಗೆಯನ್ನು ಬಿಟ್ಟು ಚಳಿಗಾಲದಲ್ಲಿ ಹೊರಟೆವು.

ಪಾದದವರೆಗೆ ಇಳಿದ ರಕ್ತವನ್ನು ಮತ್ತೆ ಹೃದಯದ ಕಡೆಗೆ ಒತ್ತಿ ಕಳುಹಿಸುವುದು ಬಹುಮಟ್ಟಿಗೆ ಮೀನಖಂಡದ ಸ್ನಾಯುಗಳ ಕೆಲಸ. ನಡೆಯುವಾಗ ಅವು ಬಿಗಿದು ಸಡಿಲಗೊಳ್ಳುತ್ತ ಬಾವಿಯ ಪಂಪಿನಂತೆ ರಕ್ತವನ್ನು ಮೇಲೆತ್ತುತ್ತವೆ. ಮಂಡಿ ಮಡಿಸಿ ಕಾಲು ಜೋತುಬಿಟ್ಟು ಗಂಟೆಗಟ್ಟಲೆ ಕುಳಿತಾಗ ಆ ಕೆಲಸ ನಿಂತು, ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಗಳಾದ ಅಭಿಧಮನಿಗಳಲ್ಲಿ ಒತ್ತಡ ಏರಿ, ನೀರಿನಂಶ ಸೂಕ್ಷ್ಮ ರಕ್ತನಾಳಗಳಿಂದ ಹೊರಗೆ ಜಿನುಗಿ ಕಣಕಾಲಿನ ಸುತ್ತ ಸೇರಿಕೊಳ್ಳುತ್ತದೆ.

ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹತ್ತುವ ಉತ್ಸಾಹ ಯಾರಿಗೂ ಇರಲಿಲ್ಲ. ಕೆಳಗೆ ನಿಂತು ಕೋಟೆಯ ಗೋಡೆಗಳನ್ನು ನೋಡಿ ಮುಂದೆ ಸಾಗಿದೆವು. ವಿದುರಾಶ್ವತ್ಥದಲ್ಲಿ ಮಾತ್ರ ನಿಧಾನಿಸಿದೆವು. 1938ರ ಏಪ್ರಿಲ್‌ನಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗುಂಡು ಹಾರಿದ ನೆಲವದು. ಹುತಾತ್ಮರ ಸ್ಮಾರಕದಿಂದ ನಾಗರಕಲ್ಲುಗಳ ಸಾಲಿನವರೆಗೆ ಎಲ್ಲರೂ ಎರಡು ಸುತ್ತು ನಡೆದರು. ಅಲ್ಲಿಯೇ ನಮ್ಮ ಸೋದರತ್ತೆ ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿಲ್ಲವೆಂಬುದು ತಿಳಿಯಿತು. "ದಾರೀಲಿ ಶೌಚಾಲಯ ಎಲ್ಲಿ ಸಿಗುತ್ತೋ ಏನೋಪ್ಪ, ಬೇಡ" ಎಂದರು. ನಮ್ಮ ಹೆಂಗಸರಲ್ಲಿ ಬಹಳ ಮಂದಿ ಪ್ರಯಾಣದಲ್ಲಿ ಹೀಗೆಯೇ ಬಾಯಾರಿಕೆಯನ್ನು ನುಂಗಿಕೊಳ್ಳುತ್ತಾರೆ, ಅದಕ್ಕೆ ಹೊಣೆ ಅವರಲ್ಲ, ನಮ್ಮ ರಸ್ತೆಗಳು. ಆದರೆ ನೀರು ಬಿಟ್ಟರೆ ಊತ ತಪ್ಪುವುದಿಲ್ಲ. ಅದನ್ನು ಹೆಚ್ಚಿಸುವುದು ಚಿಪ್ಸ್, ಉಪ್ಪಿನಕಾಯಿಗಳಲ್ಲಿರುವ ಉಪ್ಪು. ಚಾಲಕರಿಗೆ ಹೇಳಿ ಶೌಚಾಲಯವಿರುವ ಪೆಟ್ರೋಲ್ ಬಂಕುಗಳಲ್ಲಿ ನಿಲ್ಲಿಸುವುದೆಂದು ಗೊತ್ತುಮಾಡಿಕೊಂಡ ಮೇಲೆ ಅವರ ಬಾಟಲಿ ಖಾಲಿಯಾಗತೊಡಗಿತು.

ವಾಹನದೊಳಗೆ ಹಿಮ್ಮಡಿ ಊರಿ ಬೆರಳುಗಳನ್ನು ಮೇಲೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು, ಪಾದ ತಿರುಗಿಸುವುದು ನಡೆಯುತ್ತಲೇ ಇತ್ತು. ಸೀಟಿನ ಕೆಳಗೆ ತುರುಕಿದ್ದ ಚೀಲಗಳನ್ನು ಹಿಂದಕ್ಕೆ ಸಾಗಿಸಿದ್ದರಿಂದ ಕಾಲು ಚಾಚಲು ಜಾಗವಾಯಿತು. ಅದಕ್ಕಿಂತ ಹೆಚ್ಚು ಉಪಕಾರ ಮಾಡಿದ್ದು ನಂದಿ ಗ್ರಾಮ. ಭೋಗನಂದೀಶ್ವರ, ಅರುಣಾಚಲೇಶ್ವರ ಗುಡಿಗಳ ವಿಶಾಲ ಪ್ರಾಕಾರದಲ್ಲಿ ಬರಿಗಾಲಿನ ಪ್ರದಕ್ಷಿಣೆ, ಕಲ್ಯಾಣಿಯ ಮೆಟ್ಟಿಲುಗಳು, ಕಂಬಗಳ ಕೆತ್ತನೆಯನ್ನು ನೋಡುತ್ತ ಸುಮ್ಮನೆ ಅಡ್ಡಾಡುವುದು: ಕಾಲಿಗೆ ಇದಕ್ಕಿಂತ ಒಳ್ಳೆಯ ವ್ಯಾಯಾಮವನ್ನು ಯಾರೂ ಯೋಜಿಸಲಾರರು.

ಕೋಲಾರದ ವಸತಿಗೃಹದಲ್ಲಿ ರಾತ್ರಿ ಎಲ್ಲರೂ ಮಲಗಿ, ದಿಂಬುಗಳ ಮೇಲೆ ಪಾದಗಳನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಟ್ಟುಕೊಂಡರು. ಅತ್ತೆಯ ಕಾಲು ಎಂದಿನಷ್ಟು ಊದಿರಲಿಲ್ಲ. ಚಿಕ್ಕಪ್ಪನವರದು ಮಾತ್ರ ಒತ್ತಿದರೆ ಕುಳಿ ಬೀಳುವಂತಿತ್ತು. ಅವರು ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ಗುಳಿಗೆ ತೆಗೆದುಕೊಳ್ಳುವವರು, ಅದರಿಂದಲೂ ಕಣಕಾಲು ಊದುವುದುಂಟು. ಹಾಗೆಂದು ತಾವೇ ಗುಳಿಗೆ ನಿಲ್ಲಿಸಬಾರದು, ವೈದ್ಯರೇ ಬದಲಿಸಿಕೊಡಬೇಕು. ಎರಡೂ ಕಾಲು ಒಂದೇ ಸಮ ಊದಿ ಬೆಳಿಗ್ಗೆಗೆ ಇಳಿದರೆ ಸಾಮಾನ್ಯವಾಗಿ ಭಯವಿಲ್ಲ. ಒಂದೇ ಕಾಲು ಊದಿ, ನೋವಿದ್ದು, ಚರ್ಮ ಬಿಸಿಯಾಗಿ ಕೆಂಪೇರಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಾಲ್ಕು ಗಂಟೆಗೂ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಇಮ್ಮಡಿಯಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನ 2007ರಲ್ಲಿ ಹೇಳಿತು. ವಿಮಾನಕ್ಕಷ್ಟೇ ಅಲ್ಲ, ಬಸ್ಸು, ರೈಲುಗಳಿಗೂ ಆ ಮಾತು ಅನ್ವಯಿಸುತ್ತದೆ, ಆದರೂ ಆರೋಗ್ಯವಂತರಲ್ಲಿ ಅಪಾಯ ಚಿಕ್ಕದೇ.

ಮರುದಿನ ಕುರುಡುಮಲೆಗೆ ಹೊರಡುವ ಮುನ್ನ ಅತ್ತೆ ಹಾಸಿಗೆಯಿಂದ ಇಳಿಯದೆಯೇ, ವೈದ್ಯರು ಬರೆದುಕೊಟ್ಟಿದ್ದ ಬಿಗಿ ಕಾಲುಚೀಲಗಳನ್ನು ತೊಟ್ಟರು. ಊತ ಬರುವುದಕ್ಕೆ ಮೊದಲೇ ಅವನ್ನು ಹಾಕಿಕೊಳ್ಳಬೇಕು. ಕಾಲಿಗೆ ರಕ್ತ ಹರಿಯುವುದೇ ಕಡಿಮೆಯಿರುವವರೂ ಮಧುಮೇಹಿಗಳೂ ಕೇಳದೆ ತೊಡಬಾರದು. ಮುಂದಿನ ಸೀಟು ಆ ದಿನ ಚಿಕ್ಕಪ್ಪನವರಿಗೆ ಎಂದು ಅತ್ತೆಯೇ ತೀರ್ಮಾನಿಸಿದರು.