ವಾಷಿಂಗ್ ಮೆಷಿನ್ ನೀರು ಬಚ್ಚಲಲ್ಲಿ ಉಕ್ಕುತ್ತಿದೆಯೇ? ಮೊದಲು ಪೈಪು ಎಲ್ಲಿ ಕಟ್ಟಿದೆ ನೋಡಿ

ಮೆಷಿನ್ ನೀರು ಬಿಡುವ ಹೊತ್ತಿಗೆ ಬಚ್ಚಲ ಜಾಲಿಯಿಂದ ನೊರೆನೀರು ಮೇಲೆ ಬರುತ್ತಿದ್ದರೆ ಮೆಷಿನ್ನಿನ ಪಂಪ್ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಪಂಪ್ ಕೆಟ್ಟಿದ್ದರೆ ನೀರು ಡ್ರಮ್ಮಿನಲ್ಲೇ ನಿಲ್ಲುತ್ತಿತ್ತು. ಹಾಗಾಗಿ ಮೆಕ್ಯಾನಿಕ್‌ಗೆ ಫೋನ್ ಮಾಡಿ ದುಡ್ಡು ಕೊಡುವ ಮೊದಲು ಪೈಪಿನ ದಾರಿ ಹಿಡಿದು ಹೋಗಿ. ಅದಕ್ಕೂ ಮೊದಲು, ನೆಲದ ಮೇಲೆ ನೀರು ನಿಂತಿದ್ದರೆ ಕಾಲಿಡಬೇಡಿ. ಒಣ ಜಾಗದಲ್ಲಿ ನಿಂತು ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿ, ಆಮೇಲೆ ಪ್ಲಗ್ ತೆಗೆಯಿರಿ.

ಸ್ನಾನದ ನೀರು ಸಲೀಸಾಗಿ ಹೋಗುತ್ತದೆ, ಮೆಷಿನ್ ನೀರು ಮಾತ್ರ ಉಕ್ಕುತ್ತದೆ ಎನ್ನುವವರೇ ಹೆಚ್ಚು. ಇದರಲ್ಲಿ ಆಶ್ಚರ್ಯವಿಲ್ಲ. ಚೊಂಬಿನಲ್ಲಿ ಹೊಯ್ದುಕೊಳ್ಳುವ ನೀರು ನಿಧಾನಕ್ಕೆ ಇಳಿಯುತ್ತದೆ. ಮೆಷಿನ್ನಿನ ಪಂಪ್ ನಿಮಿಷಕ್ಕೆ 15 ಲೀಟರಿಗೂ ಹೆಚ್ಚು ನೀರನ್ನು ಒಮ್ಮೆಲೇ ತಳ್ಳುತ್ತದೆ. ಅರ್ಧ ಕಟ್ಟಿದ ಪೈಪು ಮೊದಲನೆಯದನ್ನು ತಾಳಿಕೊಳ್ಳುತ್ತದೆ, ಎರಡನೆಯದನ್ನು ತಾಳುವುದಿಲ್ಲ.

ಎಲ್ಲಿ ಕಟ್ಟಿದೆ ಎಂದು ತಿಳಿಯಲು ಒಂದು ಬಕೆಟ್ ಸಾಕು. 63 ಎಂ.ಎಂ. ಪೈಪು, ಅಂದರೆ ಅಂಗಡಿಯವರು ಎರಡಿಂಚು ಅನ್ನುವುದು, ಒಂದು ಮೀಟರಿಗೆ ಸುಮಾರು ಎರಡೂವರೆ ಲೀಟರ್ ನೀರು ಹಿಡಿಯುತ್ತದೆ, 75 ಎಂ.ಎಂ. ಆದರೆ ನಾಲ್ಕು ಲೀಟರಿನ ಹತ್ತಿರ. ರಾತ್ರಿ ಬಚ್ಚಲು ಬಳಸದೆ ಬಿಟ್ಟು, ಪೈಪು ಬಸಿದು ಖಾಲಿಯಾದ ಮೇಲೆ ಬೆಳಿಗ್ಗೆ ಅಳತೆ ಮಾಡಿದ ನೀರನ್ನು ಜಾಲಿಗೆ ಜೋರಾಗಿ ಸುರಿಯಿರಿ. ನಾಲ್ಕೈದು ಲೀಟರಿಗೇ ವಾಪಸ್ ಬಂದರೆ ತೊಂದರೆ ನಾನಿ ಟ್ರ್ಯಾಪಿನಲ್ಲಿ (ಜಾಲಿಯ ಕೆಳಗೆ ನೀರು ನಿಲ್ಲುವ ಬಟ್ಟಲು) ಅಥವಾ ಮೊದಲ ಎರಡು ಮೀಟರಿನಲ್ಲಿದೆ. ಬಕೆಟ್‌ಗಟ್ಟಲೆ ನೀರು ಇಳಿದ ಮೇಲೆ ಉಕ್ಕಿದರೆ ಆಚೆ ತುದಿಯನ್ನು ನೋಡಬೇಕು. ಸುರಿಯುವಾಗಲೂ ಒಂದಷ್ಟು ನೀರು ಸೋರಿಹೋಗುವುದರಿಂದ ಲೆಕ್ಕಕ್ಕೆ ಬಂದ ದೂರಕ್ಕಿಂತ ಸ್ವಲ್ಪ ಈಚೆಗೇ ಹುಡುಕಿ. ಶಿವಮೊಗ್ಗ ಪೇಟೆಯ ಮನೆಗಳಲ್ಲಿ ಯುಜಿಡಿಗೆ, ಅಂದರೆ ಊರಿನ ಒಳಚರಂಡಿಗೆ, ಸೇರುವ ಚೇಂಬರಿನ ಮುಚ್ಚಳ ತೆಗೆದರೆ ಇನ್ನೂ ಬೇಗ ತಿಳಿಯುತ್ತದೆ: ಚೇಂಬರ್ ತುಂಬಿದ್ದರೆ ಅದರಾಚೆ ಕಟ್ಟಿದೆ, ಖಾಲಿ ಇದ್ದರೆ ಮನೆಗೂ ಚೇಂಬರಿಗೂ ನಡುವೆ.

ಮಲೆನಾಡಿನ ಪೈಪಿನಲ್ಲಿ ಸಿಗುವ ಕಸಕ್ಕೆ ಅದರದೇ ಗುಣವಿದೆ. ತೋಟದ ಬಟ್ಟೆಯ ಕೆಂಪು ಮಣ್ಣು, ಅಡಿಕೆ ಸಿಪ್ಪೆಯ ನಾರು, ಕಂಬಳಿಯ ಉಣ್ಣೆ, ಬಟ್ಟೆಯ ಜುಂಗು, ಸೋಪಿನ ಜಿಡ್ಡು ಎಲ್ಲ ಸೇರಿ ಬೂದುಗೆಂಪು ಬಣ್ಣದ ಮುದ್ದೆಯಾಗುತ್ತದೆ. ಬೆರಳಲ್ಲಿ ಎಳೆದರೆ ಹರಿಯುವುದಿಲ್ಲ, ಹಗ್ಗದಂತೆ ಉದ್ದಕ್ಕೆ ಬರುತ್ತದೆ. ಮಣ್ಣು ತೂಕ ಕೊಟ್ಟು ಕೂರಿಸುತ್ತದೆ, ನಾರು ಅದನ್ನು ಹಿಡಿದಿಡುತ್ತದೆ. ಇದಕ್ಕೆ ಆಸಿಡ್ ಆಗಲಿ ಕಾಸ್ಟಿಕ್ ಸೋಡಾ ಆಗಲಿ ನಾಟುವುದಿಲ್ಲ, ಮಣ್ಣೂ ಪಾಲಿಯೆಸ್ಟರ್ ನಾರೂ ಅದರಲ್ಲಿ ಕರಗುವುದಿಲ್ಲ. ಬಾವಿಗೆಂದು ತಂದ ಬ್ಲೀಚಿಂಗ್ ಪೌಡರ್ ಹಾಕಿದ ಪೈಪಿಗೆ ಆಸಿಡ್ ಸುರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಚಿಕ್ಕದಿರುವ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ.

ತೆಗೆಯುವುದು ಕೈಯಿಂದಲೇ. ಜಾಲಿ ಎತ್ತಿ, ಟ್ರ್ಯಾಪಿನ ಒಳಬಟ್ಟಲು ತಿರುಗಿಸಿ ತೆಗೆದು, ಗ್ಲೌಸ್ ಹಾಕಿ ಮುದ್ದೆ ಎಳೆಯಿರಿ. ಒಳಗಿದ್ದರೆ ಸ್ಪ್ರಿಂಗ್ ವೈರ್ ಬೇಕು. ಸಾಧ್ಯವಾದರೆ ಅದನ್ನು ಪೈಪಿನ ಆಚೆ ತುದಿಯಿಂದ ಮೇಲ್ಮುಖವಾಗಿ ತಿರುಗಿಸುತ್ತಾ ಹಾಕಿ. ಬಚ್ಚಲಿನಿಂದ ತಳ್ಳಿದರೆ ಮುದ್ದೆ ಮುಂದಿನ ಬೆಂಡಿನಲ್ಲಿ ಹೋಗಿ ಇನ್ನೂ ಬಿಗಿಯಾಗಿ ಕೂರುತ್ತದೆ. ಕೆಳಗಿನಿಂದ ಕೆದಕಿದರೆ ಹಿಂದೆ ನಿಂತ ನೀರೇ ಅದನ್ನು ಹೊರಗೆ ದೂಡುತ್ತದೆ. ಅಡಿಕೆ ಮರ ಸೀಳಿದ ದಬ್ಬೆ ತೂರಿಸುವವರಿದ್ದಾರೆ. ನೇರ ಪೈಪಿಗೆ ಸರಿ, ಆದರೆ ಎಲ್ಬೋ ಇದ್ದಲ್ಲಿ ಅದು ಮುರಿದು ಒಳಗೇ ಉಳಿಯುತ್ತದೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವ ಪಂಪಿನಿಂದ ಒತ್ತಡದ ನೀರು ಬಿಡುವ ಮುನ್ನ ಪೈಪಿನ ಜಾಯಿಂಟುಗಳಿಗೆ ಅಂಟಿಸುವ ಸೊಲ್ಯೂಷನ್ ಹಾಕಿದ್ದಾರೋ ಬರೀ ತುರುಕಿದ್ದಾರೋ ನೋಡಿಕೊಳ್ಳಿ. ತುರುಕಿದ್ದು ನೆಲದಡಿ ಕಳಚಿದರೆ ಅಗೆಯದೆ ಬೇರೆ ದಾರಿಯಿಲ್ಲ.

ಇನ್ನು ಮಳೆಗಾಲದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಉಕ್ಕಿ, ಬೇಸಿಗೆಯಲ್ಲಿ ಸರಿಹೋಗುವ ಪೈಪಿನಲ್ಲಿ ಮುದ್ದೆ ಹುಡುಕುವುದು ವ್ಯರ್ಥ. ಇಂಗುಗುಂಡಿಯ ಸುತ್ತಲಿನ ನೆಲವೇ ನೀರು ಕುಡಿದು ತುಂಬಿರುತ್ತದೆ, ಇಲ್ಲವೇ ಪೈಪಿನ ಬಾಯಿ ತೋಟದ ಬಸಿಗಾಲುವೆಯಲ್ಲಿ ಮುಳುಗಿರುತ್ತದೆ. ಸೂರಿನ ನೀರಿನ ಪೈಪನ್ನು ಇದೇ ಲೈನಿಗೆ ಟೀ ಜಾಯಿಂಟ್ ಹಾಕಿ ಸೇರಿಸಿದ್ದರೆ ಹೊಸನಗರ, ಆಗುಂಬೆ ಕಡೆಯ ಮಳೆಗೆ ಯಾವ ಎರಡಿಂಚು ಪೈಪೂ ಸಾಲದು. ಸೂರಿನ ನೀರನ್ನು ಬೇರೆ ಮಾಡಿ, ಪೈಪಿನ ಬಾಯನ್ನು ಕಾಲುವೆಯ ತುಂಬುಮಟ್ಟಕ್ಕಿಂತ ಒಂದಡಿ ಮೇಲೆ ಬರುವಂತೆ ಎತ್ತಿ. ಎತ್ತಿದ ಮೇಲೂ ಮೀಟರಿಗೆ ಎರಡು ಸೆಂ.ಮೀ. ವಾಟ (ಇಳಿಜಾರು) ಉಳಿಯಬೇಕು.

ಮೆಷಿನ್ ಕಡೆ ಸರಿಮಾಡಬೇಕಾದದ್ದು ಸ್ವಲ್ಪವೇ. ಫ್ರಂಟ್ ಲೋಡ್ ಮೆಷಿನ್ನಿನ ಹೋಸನ್ನು ನೆಲದಿಂದ 60ರಿಂದ 90 ಸೆಂ.ಮೀ. ಎತ್ತರದಲ್ಲಿ ಬಾಗಿಸಿ ನಿಂತ ಪೈಪಿಗೆ ಇಳಿಬಿಡಿ. ಒಳಗೆ 15 ಸೆಂ.ಮೀ.ಗಿಂತ ಹೆಚ್ಚು ಹೋಗಬಾರದು. ಜಿರಳೆ ಬರುತ್ತದೆಂದು ಸುತ್ತಲೂ ಟೇಪು ಬಿಗಿಯಬೇಡಿ. ಗಾಳಿಗೆ ಸಂದಿಲ್ಲದಿದ್ದರೆ ಸೈಫನ್ ಆಗಿ, ಮೆಷಿನ್ ತುಂಬಿಕೊಳ್ಳುತ್ತಿರುವಾಗಲೇ ನೀರು ಖಾಲಿಯಾಗುತ್ತಾ ಹೋಗುತ್ತದೆ. ಜಿರಳೆಗೆ ಟ್ರ್ಯಾಪಿನಲ್ಲಿ ನಿಲ್ಲುವ ನೀರೇ ತಡೆ. ಪಂಪ್ ಇಲ್ಲದ ಸೆಮಿ ಆಟೋಮ್ಯಾಟಿಕ್‌ಗಳದ್ದು ಇದಕ್ಕೆ ಉಲ್ಟಾ, ಅವುಗಳ ಹೋಸ್ ನೆಲಮಟ್ಟದಲ್ಲೇ ಇರಬೇಕು. ಬಾವಿ ಅಥವಾ ಒರತೆಯ ಮೆದು ನೀರಾದರೆ ಪೌಡರ್ ಪೊಟ್ಟಣದಲ್ಲಿ ಬರೆದದ್ದರ ಅರ್ಧ ಸಾಕು. ಉಕ್ಕುವುದು ಬರೀ ನೊರೆಯಾಗಿದ್ದರೆ ಪೌಡರ್ ಕಡಿಮೆ ಮಾಡುವುದೇ ರಿಪೇರಿ.

ತೋಟದ ಕೆಲಸವಿರುವ ಮನೆಗೆ ನಾವು ಗಟ್ಟಿಯಾಗಿ ಹೇಳುವುದು ಹೂಳು ಚೇಂಬರ್ ಕಟ್ಟಿಸಿ ಎಂದು. ಬಚ್ಚಲ ಗೋಡೆಯಾಚೆ, ಒಳಗೆ ಒಂದೂವರೆ ಅಡಿ ಉದ್ದ, ಅಗಲ, ಆಳ ಸಿಗುವ ಹಾಗೆ. ಹೊರಹೋಗುವ ಪೈಪು ತಳದಿಂದ ಅರ್ಧ ಅಡಿ ಮೇಲಿರಲಿ, ಒಳಬರುವ ಪೈಪು ಅದಕ್ಕಿಂತ ಎರಡಿಂಚು ಎತ್ತರದಲ್ಲಿರಲಿ. ಮಣ್ಣು ತಳದಲ್ಲಿ ಕೂರುತ್ತದೆ. ಹೊರಪೈಪಿನ ಬಾಯಿಗೆ ಸ್ಟೀಲ್ ಜಾಲಿ ಕಟ್ಟಿದರೆ ಜುಂಗು ಅಲ್ಲೇ ನಿಲ್ಲುತ್ತದೆ. ಜಾಲಿಯನ್ನು ವಾರಕ್ಕೊಮ್ಮೆ ಉಜ್ಜಿ, ಹೂಳನ್ನು ಮಳೆಗಾಲಕ್ಕೆ ಮುಂಚೆ ಮತ್ತು ಅಡಿಕೆ ಕೊನೆಕೊಯ್ಲಿನ ನಂತರ ತೋಡಿ ತೆಗೆಯಿರಿ. ತೆಗೆದದ್ದನ್ನು ಗೊಬ್ಬರಗುಂಡಿಗೆ ಹಾಕಬೇಡಿ, ಅದರಲ್ಲಿನ ಪಾಲಿಯೆಸ್ಟರ್ ನಾರು ಕೊಳೆಯುವುದಿಲ್ಲ. ಒಣಗಿಸಿ ಒಣಕಸದ ಜೊತೆ ಕೊಡಿ.