ಬಾಕ್ ಕಳಚಿದ ಮೇಲೆ ಟರ್ಟ್-ಬ್ಯೂಟೈಲ್ ಎಲ್ಲಿಗೆ ಹೋಯಿತು?

ರಕ್ಷಕ ಗುಂಪು (ಅಣುವಿನ ಒಂದು ಭಾಗ ಕ್ರಿಯೆಗೆ ಸಿಗದಂತೆ ತಾತ್ಕಾಲಿಕವಾಗಿ ಹಾಕಿದ ಹೊದಿಕೆ) ತೆಗೆಯುವ ಹಂತ ಬಂದಾಗ ನಾವೆಲ್ಲ ಮೊದಲು ನೋಡುವುದು ಒಂದೇ: ಯಾವುದು ಆಮ್ಲಕ್ಕೆ ಕಳಚುತ್ತದೆ, ಯಾವುದು ಪ್ರತ್ಯಾಮ್ಲಕ್ಕೆ, ಯಾವುದು ಹೈಡ್ರೋಜನ್‌ಗೆ. ಪಟ್ಟಿಯ ಪ್ರಕಾರ ಎಲ್ಲ ಸರಿಯಿದ್ದೂ ಕ್ರಿಯೆ ಕೆಟ್ಟರೆ ನನ್ನ ಮೊದಲ ಅನುಮಾನ ಕಳಚಿಬಿದ್ದ ತುಣುಕಿನ ಮೇಲೆ. ಅದು ಎಷ್ಟೋ ಸಲ ಫ್ಲಾಸ್ಕಿನಲ್ಲೇ ಉಳಿದಿರುತ್ತದೆ. ಅಣುವಿನ ಉಳಿದ ಗುಂಪುಗಳು ಕಾರಕದ ಜೊತೆಗೆ ಅದನ್ನೂ ತಾಳಿಕೊಳ್ಳಬೇಕು.

ಅಮೀನನ್ನು ಕಾಯುವ ಬಾಕ್ (ಟರ್ಟ್-ಬ್ಯೂಟಾಕ್ಸಿಕಾರ್ಬೊನೈಲ್) ಗುಂಪು ತೆಗೆಯಲು ಟಿಎಫ್‌ಎ (ಟ್ರೈಫ್ಲೋರೊಅಸಿಟಿಕ್ ಆಮ್ಲ) ಮತ್ತು ಡಿಸಿಎಂ (ಡೈಕ್ಲೋರೊಮೀಥೇನ್ ದ್ರಾವಕ) 1:1 ಹಾಕಿ, 0 ಡಿಗ್ರಿಯಲ್ಲಿ ಶುರು ಮಾಡಿ ಕೋಣೆಯ ತಾಪಕ್ಕೆ ತಂದರೆ ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆ ಸಾಕು. ಇಂಗಾಲದ ಡೈಆಕ್ಸೈಡ್ ಬರುವುದರಿಂದ ಮುಚ್ಚಳ ಬಿಗಿಯಬೇಡಿ. ಜೊತೆಗೆ ಹುಟ್ಟುವ ಟರ್ಟ್-ಬ್ಯೂಟೈಲ್ ಕ್ಯಾಟಯಾನ್ ಒಂದಷ್ಟು ಐಸೊಬ್ಯೂಟಿಲೀನ್ ಆಗಿ ಹಾರಿಹೋಗುತ್ತದೆ. ಇನ್ನೊಂದಷ್ಟು ಟರ್ಟ್-ಬ್ಯೂಟೈಲ್ ಟ್ರೈಫ್ಲೋರೊಅಸಿಟೇಟ್ ಆಗಿ ದ್ರಾವಣದಲ್ಲೇ ಉಳಿದು, ಮೆಥಿಯೊನೀನ್ ಅಥವಾ ಸಿಸ್ಟೀನ್‌ನ ಗಂಧಕಕ್ಕೋ ಟ್ರಿಪ್ಟೊಫ್ಯಾನ್‌ನ ಇಂಡೋಲ್‌ಗೋ ಹೋಗಿ ಅಂಟಿಕೊಳ್ಳುತ್ತದೆ.

ವಸ್ತುಗಳನ್ನು ಬೇರ್ಪಡಿಸಿ ಅಣುರಾಶಿ ಅಳೆಯುವ ಎಲ್‌ಸಿಎಂಎಸ್‌ನಲ್ಲಿ, ಹೀಗೆ ಟರ್ಟ್-ಬ್ಯೂಟೈಲ್ ಅಂಟಿದ ಅಣುವಿನ ರಾಶಿ ಉತ್ಪನ್ನಕ್ಕಿಂತ 56 ಹೆಚ್ಚಾಗಿ ಕಾಣುತ್ತದೆ. ಅಣುವಿನಲ್ಲಿ ಟರ್ಟ್-ಬ್ಯೂಟೈಲ್ ಎಸ್ಟರ್ ಕೂಡ ಇದ್ದರೆ ಅದು ಕಳಚದೆ ಉಳಿದಾಗಲೂ 56 ಹೆಚ್ಚೇ. ಇನ್ನೊಂದೆರಡು ಗಂಟೆ ಟಿಎಫ್‌ಎಯಲ್ಲಿ ಬಿಡಿ: ಎಸ್ಟರ್ ಆಗಿದ್ದರೆ ಆ ಪೀಕ್ ಇಳಿಯುತ್ತದೆ, ಇಂಡೋಲ್‌ನ ಕಾರ್ಬನ್‌ಗೆ ಅಂಟಿದ್ದರೆ ಇಳಿಯುವುದಿಲ್ಲ. 44 ಹೆಚ್ಚು ಕಂಡರೆ ಹೊಸ ವಸ್ತು ಎಂದು ಹುಡುಕುತ್ತಾ ಹೋಗಬೇಡಿ. ಬಾಕ್ ಇರುವ ಆರಂಭಿಕ ವಸ್ತು ಅಯಾನೀಕರಣದ ಹೊತ್ತಿಗೇ 56 ಕಳೆದುಕೊಂಡು ಹಾಗೆ ಕಾಣುತ್ತದೆ. 100 ಕಳೆದುಕೊಂಡು ಉತ್ಪನ್ನದ ಹಾಗೆಯೂ ಕಾಣಬಹುದು. ಇಲ್ಲಿ ರಾಶಿಗಿಂತ ರಿಟೆನ್ಷನ್ ಟೈಮ್ (ವಸ್ತು ಕಾಲಂನಿಂದ ಹೊರಬರುವ ಹೊತ್ತು) ನಂಬುವುದು ಒಳ್ಳೆಯದು.

ಕ್ಯಾಟಯಾನನ್ನು ಹಿಡಿದುಹಾಕಲು ಪೆಪ್ಟೈಡ್‌ಗಳಿಗೆ ಶೇಕಡಾ ಲೆಕ್ಕದಲ್ಲಿ ಟಿಎಫ್‌ಎ 95, ನೀರು 2.5, ಟ್ರೈಐಸೊಪ್ರೊಪೈಲ್‌ಸೈಲೇನ್ 2.5 ಎಂಬ ಮಿಶ್ರಣ ರೂಢಿಯಲ್ಲಿದೆ. ಸಿಸ್ಟೀನ್ ಇದ್ದರೆ ಈಥೇನ್‌ಡೈಥಯೋಲ್ ಕೂಡ ಸೇರಿಸುತ್ತಾರೆ. ಆದರೆ ಅಣುವಿನಲ್ಲಿ ತೃತೀಯ ಬೆಂಜೈಲಿಕ್ ಆಲ್ಕೋಹಾಲ್ ಇದ್ದರೆ ಸೈಲೇನ್ ಬೇಡ. ಆಮ್ಲದಲ್ಲಿ ಅದು ಕ್ಯಾಟಯಾನ್ ಆಗಿ ಸೈಲೇನ್‌ನಿಂದ ಹೈಡ್ರೈಡ್ ಕಿತ್ತುಕೊಂಡು ಹೈಡ್ರೋಕಾರ್ಬನ್ ಆಗಬಹುದು. ಅಲ್ಲಿ ಆ ಆಲ್ಕೋಹಾಲ್ ಆಮ್ಲವನ್ನು ತಾಳುತ್ತದೆಯೇ ಎಂಬುದೇ ಮೊದಲ ಪ್ರಶ್ನೆ.

ಸಿಲಿಲ್ ಈಥರ್ (ಆಲ್ಕೋಹಾಲನ್ನು ಕಾಯುವ ಸಿಲಿಕಾನ್ ಗುಂಪು) ಉಳಿಸಿಕೊಂಡು ಬಾಕ್ ತೆಗೆಯುವುದಾದರೆ ಆಯ್ಕೆ ಮೊದಲೇ ಆಗಿರಬೇಕು. ಸಿಲಿಲ್ ಗುಂಪುಗಳಲ್ಲಿ ಟಿಎಂಎಸ್‌ಗೆ ಆಮ್ಲದಲ್ಲಿರುವ ಸ್ಥಿರತೆ 1 ಎಂದಿಟ್ಟುಕೊಂಡರೆ ಟಿಇಎಸ್ 64, ಟಿಬಿಎಸ್ 20,000, ಟಿಐಪಿಎಸ್ 7 ಲಕ್ಷ, ಟಿಬಿಡಿಪಿಎಸ್ 50 ಲಕ್ಷ. ಪ್ರಾಥಮಿಕ ಆಲ್ಕೋಹಾಲ್ ಮೇಲಿನ ಟಿಬಿಎಸ್ ಅನ್ನು ಬಾಕ್ ತೆಗೆಯುವ ಆಮ್ಲದಲ್ಲಿ ನಂಬಬೇಡಿ. ಸಿಲಿಲನ್ನೇ ಮೊದಲು ತೆಗೆಯುವುದಾದರೆ ಟಿಬಿಎಎಫ್ (ಟೆಟ್ರಾಬ್ಯೂಟೈಲ್‌ಅಮೋನಿಯಂ ಫ್ಲೋರೈಡ್) ಬರೀ ಫ್ಲೋರೈಡ್ ಅಲ್ಲ, ಗಟ್ಟಿ ಪ್ರತ್ಯಾಮ್ಲವೂ ಹೌದು ಎಂಬುದು ನೆನಪಿರಲಿ: ಪ್ರತ್ಯಾಮ್ಲಕ್ಕೆ ಕಳಚುವ ಅಮೀನ್ ರಕ್ಷಕ ಎಫ್‌ಮಾಕ್ ಕಳಚುತ್ತದೆ, ಪಕ್ಕದ ಅಸಿಟೇಟ್ ಹೊಸ ಹೈಡ್ರಾಕ್ಸಿಲ್‌ಗೆ ಜಿಗಿಯುತ್ತದೆ, ಬೀಟಾ-ಹೈಡ್ರಾಕ್ಸಿ ಕೀಟೋನ್ ಒಡೆಯುತ್ತದೆ. ಅಷ್ಟೇ ಮೋಲ್ ಅಸಿಟಿಕ್ ಆಮ್ಲ ಸೇರಿಸಿದರೆ ನಿಧಾನವಾದರೂ ಈ ಕಾಟ ಬಹಳ ತಗ್ಗುತ್ತದೆ. ಎಚ್‌ಎಫ್-ಪಿರಿಡಿನ್‌ಗೆ ಹೋಗುವುದಾದರೆ ಗಾಜು ಬೇಡ, ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಕೈಗೆಟಕುವಂತಿರಲಿ.

ಪಲ್ಲಾಡಿಯಂ-ಕಾರ್ಬನ್ ಮೇಲೆ ಹೈಡ್ರೋಜನ್ ಹಾಯಿಸಿ ಬೆಂಜೈಲ್ ರಕ್ಷಕ ತೆಗೆಯುವಾಗ ಆಲ್ಕೀನ್, ಅಝೈಡ್, ನೈಟ್ರೋ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಮೆಥನಾಲ್ ಬಳಸಿದಾಗ ಅಮೀನ್‌ನ ರಾಶಿಗೆ 14 ಸೇರಿದರೆ, ಲೋಹದ ಮೇಲೆ ಮೆಥನಾಲ್‌ನಿಂದ ಹುಟ್ಟಿದ ಫಾರ್ಮಾಲ್ಡಿಹೈಡ್ ಅದನ್ನು ಮೀಥೈಲೀಕರಿಸಿದೆ ಎಂದು ಶಂಕಿಸಿ. ದ್ರಾವಕ ಬದಲಿಸಿ ನೋಡಿ. ಆಲ್ಕೀನ್ ಉಳಿಯಲೇಬೇಕಿದ್ದರೆ ಮೊದಲಿನಿಂದಲೇ ಬೆಂಜೈಲ್ ಬದಲು ಪಿಎಂಬಿ (ಪ್ಯಾರಾ-ಮೆಥಾಕ್ಸಿಬೆಂಜೈಲ್) ಹಾಕಿ, ಡಿಸಿಎಂ-ನೀರಿನಲ್ಲಿ ಡಿಡಿಕ್ಯೂ ಎಂಬ ಉತ್ಕರ್ಷಣಕಾರಿ ಬಳಸಿ ತೆಗೆಯಿರಿ. ಅಲ್ಲಿ ಹೊರಬರುವುದು ಅನಿಸಾಲ್ಡಿಹೈಡ್; ಬಿಡಿ ಪ್ರಾಥಮಿಕ ಅಮೀನ್ ಇದ್ದರೆ ಇಮೀನ್ ಆಗುತ್ತದೆ.

ಕ್ರಿಯೆ ಚೆನ್ನಾಗಿ ನಡೆದು ರೋಟಾವ್ಯಾಪ್‌ನಲ್ಲಿ (ಒತ್ತಡ ತಗ್ಗಿಸಿ ದ್ರಾವಕ ಆರಿಸುವ ಯಂತ್ರ) ಕೆಡುವುದೂ ಉಂಟು. ಡಿಸಿಎಂ 40 ಡಿಗ್ರಿಗೆ ಕುದಿಯುತ್ತದೆ, ಟಿಎಫ್‌ಎ 72ಕ್ಕೆ. ಹೀಗಾಗಿ ಡಿಸಿಎಂ ಮೊದಲು ಹೋಗಿ, ಅರ್ಧಕ್ಕರ್ಧ ಇದ್ದ ಆಮ್ಲ ಕೊನೆಗೆ ಬರೀ ಆಮ್ಲವಾಗಿ ಬೆಚ್ಚಗೆ ನಿಲ್ಲುತ್ತದೆ. ಟೊಲುಯೀನ್ ಸೇರಿಸಿ, ಫ್ಲಾಸ್ಕ್ ಮುಳುಗಿರುವ ನೀರಿನ ತಾಪ 30 ಡಿಗ್ರಿ ದಾಟದಂತೆ ನೋಡಿಕೊಂಡು ಇಳಿಸಿ. ಸಿಕ್ಕಿದ್ದು ಡೈಪೆಪ್ಟೈಡ್ ಎಸ್ಟರ್ ಆಗಿದ್ದರೆ ಲವಣ ರೂಪದಲ್ಲೇ ಇಟ್ಟು, ಮುಂದಿನ ಜೋಡಣೆಯ ಫ್ಲಾಸ್ಕಿನಲ್ಲೇ ಪ್ರತ್ಯಾಮ್ಲ ಹಾಕಿ. ಬಿಡಿ ಅಮೀನ್ ಆಗಿ ಇಟ್ಟರೆ ಅದು ತನ್ನದೇ ಎಸ್ಟರ್ ಮೇಲೆ ಬಿದ್ದು ಡೈಕೀಟೊಪೈಪರಝೀನ್ ಎಂಬ ಉಂಗುರ ಆಗಿಬಿಡುತ್ತದೆ.